ನಿಮಗಿದು ಗೊತ್ತೆ? ಅನಿಲದ ಎಂಜಿನ್ನಿಗೆ ಗಾಳಿಯ ಆಸರೆ

1891ರಲ್ಲಿ ನಿರ್ಮಿತವಾದ ಕೆರೆಯ ಸುತ್ತಲೂ, 1958ರಲ್ಲಿ ಸ್ಥಾಪಿತವಾದ ಐಐಟಿಯ ನೆರೆಯಲ್ಲಿಯೂ ಬೆಳೆದು ನಿಂತಿರುವ ಮುಂಬಯಿಯ ಪವಾಯಿಯ ಬಹುಮಹಡಿ ಸೌಧಗಳಲ್ಲಿ ಕರೆಂಟು ಹೋದೊಡನೆ ಜನರೇಟರು ಗುಡುಗತೊಡಗುವುದು ಸರ್ವವಿದಿತ. ಆದರೆ ಆ ಎಂಜಿನ್ನು ಡೀಸೆಲಿನದಾಗಿರದೆ ನೈಸರ್ಗಿಕ ಅನಿಲದ್ದಾಗಿದ್ದಲ್ಲಿ, ಲಿಫ್ಟು, ನೀರಿನ ಪಂಪು, ಏಸಿಗಳೆಲ್ಲ ಏಕಕಾಲದಲ್ಲಿ ಹೊರೆಯಾಗಿ ಬಿದ್ದಾಗ ಅದು ಕ್ಷಣಕಾಲ ಮುಗ್ಗರಿಸುವುದೆಂಬುದನ್ನು ಬಲ್ಲವರು ವಿರಳ.

ಡೀಸೆಲ್ ಎಂಜಿನ್ನಿನಲ್ಲಿ ಇಂಧನವು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮುವುದು. ಅನಿಲದ ಅನೇಕ ಎಂಜಿನ್ನುಗಳಲ್ಲಾದರೋ ಗಾಳಿ-ಅನಿಲಗಳ ಮಿಶ್ರಣವು ಅದನ್ನು ಒತ್ತಿ ತುಂಬುವ ಟರ್ಬೋಚಾರ್ಜರನ್ನು ಹಾದು, ಕೂಲರಿನಲ್ಲಿ ತಣಿದು, ಅಷ್ಟು ದೂರ ಸಾಗಿ ಬರಬೇಕು. ಆ ಟರ್ಬೋ ಎಂಜಿನ್ನು ಉಗುಳುವ ಹೊಗೆಯ ಬಲದಿಂದಲೇ ತಿರುಗತಕ್ಕದ್ದಾದುದರಿಂದ, ಹೊಗೆ ಹೆಚ್ಚುವವರೆಗೆ ವೇಗ ಪಡೆಯದು. ಕಷ್ಟಕಾಲಕ್ಕೆ ತಡವಾಗಿ ಬರುವ ನೆಂಟನ ಪರಿ! ಗಾಳಿ ಸಾಲದೆ ಅನಿಲವನ್ನಷ್ಟೇ ಹೆಚ್ಚಿಸಿದರೆ ಮಿಶ್ರಣದ ಹದ ಕೆಡುವುದು. ಅಷ್ಟರಲ್ಲಿ ಕರೆಂಟಿನ 50 ಹರ್ಟ್ಸಿನ ಆವರ್ತನವು ಕುಸಿದು ದೀಪಗಳು ಮಿಣುಕತೊಡಗುವುವು.

ಇದಕ್ಕೆ ಕಂಡುಕೊಂಡ ಉಪಾಯ ಸರಳವೂ ಸೊಗಸಾದುದೂ ಆಗಿದೆ. ಬಿಡುವಿನ ವೇಳೆಯಲ್ಲಿ ಸಣ್ಣ ಕಂಪ್ರೆಸರೊಂದರಿಂದ ಉಕ್ಕಿನ ಟ್ಯಾಂಕಿನಲ್ಲಿ ಗಾಳಿಯನ್ನು ಒತ್ತಿ ತುಂಬಿಟ್ಟು, ಹೊರೆ ಬಿದ್ದ ಕ್ಷಣದಲ್ಲಿ ವಾಲ್ವು ತೆರೆದು ಟರ್ಬೋವಿನ ಚಕ್ರದ ಅಲಗುಗಳ ಮೇಲೆ ರಭಸದಿಂದ ಹಾಯಿಸಿದರೆ, ಚಕ್ರವೂ ವೇಗಗೊಳ್ಳುವುದು, ಸಿಲಿಂಡರುಗಳಿಗೆ ಗಾಳಿಯೂ ಒದಗುವುದು. ತತ್ಪ್ರಮಾಣದಲ್ಲಿ ಅನಿಲವನ್ನೂ ನಿರ್ಭಯವಾಗಿ ಏರಿಸಬಹುದು. ಎಂಜಿನ್ನಿಗೆ ಒತ್ತಿದ ಗಾಳಿಯ ನೆರವು ಹೊಸತೇನಲ್ಲ; ಹಡಗುಗಳ ದೈತ್ಯ ಎಂಜಿನ್ನುಗಳನ್ನು ಸುಮಾರು 30 ಬಾರ್ ಒತ್ತಡದ ಗಾಳಿಯಿಂದಲೇ ಚಾಲೂ ಮಾಡುವ ಪದ್ಧತಿ ಬಹು ಹಿಂದಿನಿಂದಲೂ ಉಂಟು. ಟರ್ಬೋವಿಗೆ ಗಾಳಿ ಹಾಯಿಸುವ ಉಪಾಯದ ಒಂದು ಮಿತಿಯೆಂದರೆ, ಬರಿದಾದ ಟ್ಯಾಂಕು ಮರಳಿ ತುಂಬುವವರೆಗೆ ಎರಡನೆಯ ಹೊರೆಗೆ ಈ ನೆರವು ದೊರೆಯದು.