ಜೀವಕೋಶದ ಕಾವಲುನಾಯಿ

ಕಾಲಿಗೆ ಮುಳ್ಳು ಹೊಕ್ಕರೆ ಆ ಜಾಗ ಕೆಂಪಗಾಗಿ ಊದಿಕೊಳ್ಳುವುದು ಎಲ್ಲರ ಅನುಭವ. ಈ ಉರಿಯೂತದ ಹಿಂದೆ ದುಡಿಯುವ ಒಂದು ಪ್ರೋಟೀನಿನ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ನಾನು ಇತಿಹಾಸದ ವಿದ್ಯಾರ್ಥಿ. ಆದುದರಿಂದ ಪರಿಭಾಷೆಯ ಕಾಟ ಕಡಿಮೆಯೆಂದು ವಾಚಕರು ಧೈರ್ಯ ತಾಳಬಹುದು.

1986ರಲ್ಲಿ ಅಮೆರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಕಂಡುಹಿಡಿದರು. ರೋಗನಿರೋಧಕ ‘ಬಿ’ ಕೋಶಗಳಲ್ಲಿ, ಪ್ರತಿಕಾಯದ ಕಪ್ಪಾ ಎಂಬ ಭಾಗವನ್ನು ತಯಾರಿಸುವ ಜೀನಿಗೆ ಇದು ಅಂಟಿಕೊಳ್ಳುತ್ತಿತ್ತು. ಆದುದರಿಂದ ಎನ್‌ಎಫ್-ಕಪ್ಪಾ-ಬಿ ಎಂದು ಹೆಸರಾಯಿತು. ಹೆಸರು ಉದ್ದವಾಯಿತೇ ಹೊರತು ಸರಿಹೋಗಲಿಲ್ಲ. ಅದೇ ವರ್ಷ ಬೇರೆ ಬಗೆಯ ಕೋಶಗಳಲ್ಲಿಯೂ ಇದು ಸಿಕ್ಕಿತು. ಸೋಜಿಗವೆಂದರೆ, ಹೊಸ ಪ್ರೋಟೀನು ತಯಾರಾಗದಂತೆ ಮದ್ದು ಹಾಕಿ ತಡೆದ ಮೇಲೂ, ಬ್ಯಾಕ್ಟೀರಿಯದ ಅಂಶವನ್ನು ಸೋಕಿಸಿದೊಡನೆ ಇದು ಪ್ರತ್ಯಕ್ಷವಾಗುತ್ತಿತ್ತು. ಅಂದರೆ ಮೊದಲೇ ಅಲ್ಲಿತ್ತು! ಎಲ್ಲಿ ಅಡಗಿತ್ತು? 1988ರಲ್ಲಿ ಉತ್ತರ ದೊರೆಯಿತು: ಕೋಶಕೇಂದ್ರದ ಹೊರಗೆ, ಐ-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನು ಇದನ್ನು ಕಾವಲುನಾಯಿಯಂತೆ ಕಟ್ಟಿಹಾಕಿರುತ್ತದೆ.

ಕ್ರಿಮಿಯ ಸುಳಿವು ಕೋಶದ ಹೊರಪೊರೆಗೆ ತಾಗಿತೆಂದರೆ ಸುದ್ದಿ ಒಳಗೆ ಹರಿಯುತ್ತದೆ. ಒಂದು ಕಿಣ್ವ ಆ ಹಗ್ಗಕ್ಕೆ, ಅಂದರೆ ಐ-ಕಪ್ಪಾ-ಬಿಗೆ, ಫಾಸ್ಫೇಟಿನ ಗುರುತು ಹಾಕುತ್ತದೆ. ಗುರುತು ಬಿದ್ದುದನ್ನು ಪ್ರೋಟಿಯಾಸೋಮ್ ಎಂಬ ಕೋಶಯಂತ್ರ ಚೂರುಚೂರು ಮಾಡುತ್ತದೆ. ಬಿಡುಗಡೆಯಾದ ನಾಯಿ ಕೆಲವೇ ನಿಮಿಷಗಳಲ್ಲಿ ಕೋಶಕೇಂದ್ರಕ್ಕೆ ನುಗ್ಗಿ, ಉರಿಯೂತದ ಜೀನುಗಳನ್ನು ಎಬ್ಬಿಸುತ್ತದೆ. ಹಾಗೆ ಎಬ್ಬಿಸುವ ಜೀನುಗಳಲ್ಲಿ ಐ-ಕಪ್ಪಾ-ಬಿಯದೂ ಒಂದು. ತನ್ನನ್ನು ಕಟ್ಟುವ ಹಗ್ಗವನ್ನು ತಾನೇ ಹೊಸೆಯುವ ನಾಯಿಯನ್ನು ನಾನಂತೂ ಬೇರೆಲ್ಲೂ ಕಾಣೆ.

ಆ ಹಗ್ಗ ಸಾಲದೆ ಹೋದರೆ? ನಮ್ಮ ಅಜ್ಜಿಗೆ ರುಮಟಾಯ್ಡ್ ಸಂಧಿವಾತ. “ಏಟಿಲ್ಲ, ಗಾಯವಿಲ್ಲ, ಬೆರಳು ಊದೋದು ಯಾಕಪ್ಪಾ?” ಎಂದು ಕೇಳುತ್ತಿದ್ದರು. ಈ ರೋಗದಲ್ಲಿ ಶತ್ರುವಿಲ್ಲದೆಯೇ ಕೂಗು ಏಳುತ್ತದೆ. ಕೀಲುಗಳಲ್ಲಿ ಟಿಎನ್‌ಎಫ್ ಎಂಬ ಸಂದೇಶವಸ್ತು ನಾಯಿಯನ್ನು ಬಿಚ್ಚುತ್ತದೆ. ಬಿಚ್ಚಿಕೊಂಡ ನಾಯಿ ಇನ್ನಷ್ಟು ಟಿಎನ್‌ಎಫ್ ತಯಾರಾಗುವಂತೆ ಮಾಡುತ್ತದೆ. ಸುತ್ತು ಮುಗಿಯುವುದೇ ಇಲ್ಲ. ಕೆಲವು ರಕ್ತದ ಕ್ಯಾನ್ಸರುಗಳಲ್ಲಿಯೂ, ಸಾಯಬೇಕಾದ ಕೋಶಗಳನ್ನು ಈ ಪ್ರೋಟೀನೇ ಬದುಕಿಸಿಡುತ್ತದೆ.

ಹಾಗಾದರೆ ಇದನ್ನು ತೊಡೆದೇ ಹಾಕಬಾರದೇಕೆ? ಇದರ ಮುಖ್ಯ ಭಾಗವಾದ ರೆಲ್-ಎ ಇಲ್ಲದ ಇಲಿಗಳ ಮೇಲೆ ನಡೆಸಿದ ಪ್ರಯೋಗ 1995ರಲ್ಲಿ ಪ್ರಕಟವಾಯಿತು. ಯಕೃತ್ತಿನ ಕೋಶಗಳು ಸತ್ತು, ಮರಿಗಳು ಗರ್ಭದಲ್ಲಿಯೇ ಅಳಿದಿದ್ದವು. ಆದುದರಿಂದ ವೈದ್ಯರು ನಾಯಿಯನ್ನು ಬಿಟ್ಟು ಕೂಗನ್ನು ಹಿಡಿದಿದ್ದಾರೆ: ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಚುಚ್ಚುಮದ್ದುಗಳು ಬಳಕೆಯಲ್ಲಿವೆ. ಅವನ್ನು ಕೊಡುವ ಮೊದಲು ರೋಗಿಯಲ್ಲಿ ಕ್ಷಯ ಅಡಗಿದೆಯೇ ಎಂದು ಪರೀಕ್ಷಿಸುತ್ತಾರೆ; ಕಾವಲು ಸಡಿಲಿದಾಗ ಅದು ತಲೆಯೆತ್ತುವುದುಂಟು.