ಬಾಣಂತಿ ಸನ್ನಿ, ಬೀಗದ ವಾರ್ಡು, ಘಟ್ಟದ ದಾರಿ

ಮನಸ್ಸಿನ ಕಾಯಿಲೆಗೆ ಬೀಗದೊಳಗಿಟ್ಟು ಚಿಕಿತ್ಸೆ ಕೊಡುವ ವ್ಯವಸ್ಥೆ ಹೆಣ್ಣಿಗೂ ಗಂಡಿಗೂ ಒಂದೇ ಬಗೆಯದಲ್ಲ. ಅಮೆರಿಕದ ಫಿಲಿಸ್ ಚೆಸ್ಲರ್ 1972ರಲ್ಲಿ ಇದನ್ನೇ ವಸ್ತುವಾಗಿಸಿ ಪುಸ್ತಕ ಬರೆದರು. ಭಾರತದ ಹೆಂಗಸರ ಮಾನಸಿಕ ಆರೋಗ್ಯಕ್ಕೆ ಸ್ತ್ರೀವಾದಿ ಕಾರ್ಯಸೂಚಿಯೊಂದನ್ನು ಭಾರ್ಗವಿ ದಾವರ್ 1999ರ ತಮ್ಮ ಕೃತಿಯಲ್ಲಿ ಮುಂದಿಟ್ಟರು. ಬ್ರಿಟನ್ನಿನ ರೆಬೆಕ್ಕಾ ಫಿಶ್ ಅವರ 2018ರ ಅಧ್ಯಯನ ನಡೆದದ್ದು ಬೌದ್ಧಿಕ ಅಂಗವೈಕಲ್ಯವಿರುವ ಹೆಂಗಸರ ಭದ್ರತಾ ವಾರ್ಡುಗಳೊಳಗೆ. ಹಿಡಿದು ಅದುಮುವುದು, ಒಂಟಿ ಕೋಣೆಗೆ ಹಾಕುವುದು ಹೇಗಿರುತ್ತದೆಂದು ಅಲ್ಲಿದ್ದವರೇ ಹೇಳಿದರು. ಫೈಲಿನಲ್ಲಿ ಬರೀ ‘ಉದ್ರೇಕ’ ಎಂದು ದಾಖಲಾಗುವ ಸಿಟ್ಟಿನ ಹಿಂದೆ ಹಳೆಯ ದೌರ್ಜನ್ಯದ ನೆನಪೂ ಇರಬಹುದು. ಕೇಳುವವರಿದ್ದರೆ ಮಾತ್ರ ಅದು ಹೊರಬರುತ್ತದೆ.

ಉತ್ತರ ಕನ್ನಡದ ಕರಾವಳಿಯ ಹೆಂಗಸಿಗೆ ಇಂಥ ವಾರ್ಡಿನವರೆಗೆ ತಲುಪುವುದೇ ಮೊದಲ ಕಷ್ಟ. ಭಟ್ಕಳ, ಹೊನ್ನಾವರ, ಕುಮಟಾಗಳಿಂದ ದೊಡ್ಡ ಆಸ್ಪತ್ರೆ ದೂರ. ಧಾರವಾಡದ ಇಂದಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾಯಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿ, ಆಡಳಿತದ ದಾರಿಯೂ ಘಟ್ಟದ ಮೇಲಕ್ಕೇ ತಿರುಗಿತು. ಈಗಲೂ ಕುಮಟಾದಿಂದ ದೇವಿಮನೆ ಘಟ್ಟ ಹತ್ತಬೇಕು, ಇಲ್ಲವೇ ತೆಂಕಣಕ್ಕೆ ಮಣಿಪಾಲ, ಮಂಗಳೂರಿಗೆ ಹೋಗಬೇಕು. ಬಸ್ಸಿಗೆ ದುಡ್ಡು, ಜೊತೆಗೊಬ್ಬರು, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಇಷ್ಟೂ ಕೂಡಿಬಂದಾಗಲೇ ಹೆಂಗಸು ಹೊರಡಲು ಸಾಧ್ಯ. ದುಡಿಯುವ ಗಂಡಸು ಗಲ್ಫಿನಲ್ಲಿರುವ ಭಟ್ಕಳದ ಮನೆಯಲ್ಲಿ ಇದು ಇನ್ನಷ್ಟು ಕಷ್ಟ. ಭಾಷೆಯದು ಮತ್ತೊಂದು ತೊಡಕು. ನವಾಯತಿ, ಕೊಂಕಣಿ, ಹಾಲಕ್ಕಿ ಕನ್ನಡ, ಹವ್ಯಕ ಕನ್ನಡ ಆಡುವವಳು ಒಳಗಿನ ಸಂಕಟವನ್ನು ಪೇಟೆಯ ಕನ್ನಡಕ್ಕೆ ತಂದು ಹೇಳುವಷ್ಟರಲ್ಲಿ ಅರ್ಧ ಮಾತು ಸೋರಿಹೋಗುತ್ತದೆ. ಉಳಿದರ್ಧವನ್ನು ಅತ್ತೆಯೋ ಗಂಡನೋ ಹೇಳುತ್ತಾರೆ.

ಬಾಣಂತಿ ಸನ್ನಿಯ ಉದಾಹರಣೆ ಇಲ್ಲಿ ಮುಖ್ಯ. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆ ಕೆಟ್ಟು, ಭ್ರಮೆ ಮುಸುಕುವ ಈ ಕಾಯಿಲೆ ಸಾವಿರ ಹೆರಿಗೆಗೆ ಒಂದೆರಡರಲ್ಲಿ ಬರುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಗುಣವಾಗುತ್ತಾರೆ. ಗಾಳಿ ಸೋಂಕಿದೆ ಎಂದು ಕೋಣೆಯಲ್ಲಿ ಕೂಡಿಹಾಕಿದರೆ ಮೊದಲು ದೂರವಾಗುವುದು ಕೂಸು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗುವನ್ನು ಒಟ್ಟಿಗೆ ಇರಿಸಿಕೊಳ್ಳುವ ಘಟಕ ತೆರೆಯಿತು, ದೇಶದಲ್ಲೇ ಮೊದಲನೆಯದು. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ.

2018ರ ಮೇ 29ರಂದು ಜಾರಿಗೆ ಬಂದ ಈ ಕಾಯ್ದೆ ಸರಪಳಿಯನ್ನು, ಒತ್ತಾಯದಿಂದ ತಲೆ ಬೋಳಿಸುವುದನ್ನು, ಚಿಕಿತ್ಸೆಯ ಹೆಸರಿನ ಸಂತಾನಹರಣವನ್ನು ನಿಷೇಧಿಸಿದೆ. ಮುಟ್ಟಿನ ಸಮಯದಲ್ಲಿ ಬೇಕಾದ ವಸ್ತು ಕೊಡಬೇಕೆಂದೂ ಬರೆದಿದೆ. ಕಾನೂನೇ ಅದನ್ನು ಹೇಳಬೇಕಾಯಿತು ಎಂಬುದರಿಂದ ಹಿಂದಿನ ವಾರ್ಡುಗಳ ಸ್ಥಿತಿ ಊಹಿಸಬಹುದು. ಆದರೆ ಬೌದ್ಧಿಕ ಅಂಗವೈಕಲ್ಯ ಈ ಕಾಯ್ದೆಯ ‘ಮಾನಸಿಕ ಕಾಯಿಲೆ’ಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಪ್ತಿಯದು.

ಎಲ್ಲಕ್ಕಿಂತ ಗಟ್ಟಿಯಾದ ಬೀಗ ಮನೆಯದು. ಹ್ಯೂಮನ್ ರೈಟ್ಸ್ ವಾಚ್ 2014ರ ವರದಿಯಲ್ಲಿ, ಮನೆಯವರು ಬಿಟ್ಟುಹೋದ ಹೆಂಗಸರು ಸಂಸ್ಥೆಗಳಲ್ಲೇ ಉಳಿದುಹೋಗುವುದನ್ನು ದಾಖಲಿಸಿತು. ಕುಟುಂಬ ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂಬುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಕಲಂ. ಅದು ನಡೆಯಬೇಕಾದರೆ ಹತ್ತಿರದಲ್ಲೊಂದು ಆಸರೆಮನೆ ಬೇಕು, ಊರಲ್ಲೇ ಮಾತ್ರೆ ಸಿಗಬೇಕು. ಮಾತ್ರೆಯ ಮಟ್ಟಿಗೆ ಕರ್ನಾಟಕದ ‘ಮನೋಚೈತನ್ಯ’ ಯೋಜನೆಯಲ್ಲಿ ದಾರಿಯಿದೆ: ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬರಬೇಕೆಂಬುದು ಅದರ ಕ್ರಮ.