ಕೊಳವೆಯ ಜಾಡಿನಲ್ಲಿ ಸೈಕಲ್ ಹಾದಿ: ಸಯನ್ ಪರಿಸರದ ನಿದರ್ಶನ

ಮುಂಬಯಿ ಮಹಾನಗರದ ಭೂಪಟವನ್ನು ಗಮನಿಸಿದರೆ ಸಯನ್ ಆ ನಗರದ ಹೊಸ್ತಿಲಿನಂತೆ ತೋರುತ್ತದೆ. ಮರಾಠಿಯಲ್ಲಿ ಇದನ್ನು ‘ಶೀವ್’ ಎನ್ನುತ್ತಾರೆ. ಎಲ್ಲೆ ಅಥವಾ ಸೀಮೆ ಎಂಬುದು ಆ ಪದದ ಅರ್ಥ. 17ನೆಯ ಶತಮಾನದಲ್ಲಿ ಆಂಗ್ಲರ ಅಧೀನದಲ್ಲಿದ್ದ ದ್ವೀಪಗಳಿಗೂ ಪೋರ್ಚುಗೀಸರ ವಶದಲ್ಲಿದ್ದ ಸಾಷ್ಟಿ ದ್ವೀಪಕ್ಕೂ ನಡುವಣ ಗಡಿ ಇಲ್ಲಿಯೇ ಹಾದು ಹೋಗಿತ್ತು. ಗುಡ್ಡದ ಮೇಲೆ ಇಂದಿಗೂ ನಿಂತಿರುವ ಕೋಟೆಯ ಅವಶೇಷಗಳು ಅದಕ್ಕೆ ಸಾಕ್ಷಿಯಾಗಿವೆ. ಗವರ್ನರ್ ಜೊನಾಥನ್ ಡಂಕನ್ ಅವರ ಕಾಲದಲ್ಲಿ ನಿರ್ಮಾಣವಾಗಿ 1805ರಲ್ಲಿ ಪೂರ್ಣಗೊಂಡ ಒಡ್ಡು ರಸ್ತೆಯು ಸಯನ್ನನ್ನು ಕುರ್ಲಾದೊಡನೆ ಬೆಸೆಯಿತು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಸಹ ಈ ದಾರಿಯಲ್ಲಿಯೇ ಸಾಗಿತು. ಹೀಗೆ ಎಲ್ಲೆಯಾಗಿದ್ದ ಊರು ಕಾಲಕ್ರಮದಲ್ಲಿ ಹೆಬ್ಬಾಗಿಲಾಯಿತು.

ಇಂದು ಠಾಣೆಯ ಕಡೆಗೆ ಹೋಗುವ ಪೂರ್ವ ದ್ರುತಗತಿ ಹೆದ್ದಾರಿಯೂ ಪನವೇಲಿನ ಕಡೆಗೆ ಹೋಗುವ ಹೆದ್ದಾರಿಯೂ ಸಯನ್ ಬಳಿಯಿಂದಲೇ ಕವಲೊಡೆಯುತ್ತವೆ. ಪಶ್ಚಿಮದಲ್ಲಿ ಮಾಹಿಮ್ ಖಾರಿ ಹಾಗೂ ಮಿಠಿ ನದಿ, ಪೂರ್ವದಲ್ಲಿ ವಡಾಲಾದ ಉಪ್ಪಿನ ಗದ್ದೆಗಳು; ಇವೆರಡರ ನಡುವಿನ ಕಿರಿದಾದ ನೆಲದಲ್ಲಿ ರಸ್ತೆ, ರೈಲು ಮತ್ತು ವಸತಿಗಳು ಒತ್ತೊತ್ತಾಗಿ ನೆಲೆಗೊಂಡಿವೆ. ಸಯನ್, ಮಾಟುಂಗಾ, ವಡಾಲಾ ಪ್ರದೇಶಗಳು ಕನ್ನಡಿಗರಿಗೂ ಅಪರಿಚಿತವಲ್ಲ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಮಾಟುಂಗಾದಲ್ಲಿದೆ. ಕರಾವಳಿಯಿಂದ ಹೋಗಿ ನೆಲೆಸಿದ ಅನೇಕ ಕುಟುಂಬಗಳು ತಲೆಮಾರುಗಳಿಂದ ಇಲ್ಲಿ ಬಾಳುವೆ ನಡೆಸಿವೆ.

ಹತ್ತಿರದ ದೂರ, ಕಠಿಣ ಪ್ರಯಾಣ

ಸಯನ್ನಿನಿಂದ ಕುರ್ಲಾ, ಚುನಾಭಟ್ಟಿ, ಧಾರಾವಿ ಅಥವಾ ಬಾಂದ್ರಾ–ಕುರ್ಲಾ ಸಂಕೀರ್ಣಕ್ಕಿರುವ ದೂರ ಕೆಲವೇ ಕಿಲೋಮೀಟರುಗಳು. ಸಾಧಾರಣ ವೇಗದಲ್ಲಿ ಸಾಗುವ ಸೈಕಲ್ ಗಂಟೆಗೆ 12ರಿಂದ 15 ಕಿಲೋಮೀಟರು ಕ್ರಮಿಸಬಲ್ಲದಾದುದರಿಂದ, ಇಂತಹ ಪ್ರಯಾಣಕ್ಕೆ ಇಪ್ಪತ್ತು ನಿಮಿಷಗಳು ಧಾರಾಳವಾಗಿ ಸಾಕು. ಆದರೆ ಭಾರಿ ಲಾರಿಗಳು, ಬಸ್ಸುಗಳು ಮತ್ತು ಮೋಟಾರು ಬೈಕುಗಳ ನಡುವೆ ನುಸುಳಿ ಸಾಗಬೇಕಾದ ಸ್ಥಿತಿಯಲ್ಲಿ ಈ ಇಪ್ಪತ್ತು ನಿಮಿಷಗಳು ಅಪಾಯದ ನಿಮಿಷಗಳಾಗುತ್ತವೆ. ರೈಲು ಹಳಿಗಳನ್ನು ದಾಟಿಸುತ್ತಿದ್ದ, 1912ರಲ್ಲಿ ಕಟ್ಟಿದ ಸಯನ್ ಮೇಲ್ಸೇತುವೆಯನ್ನು ಮರುನಿರ್ಮಾಣಕ್ಕಾಗಿ 2024ರ ಆಗಸ್ಟ್‌ನಲ್ಲಿ ವಾಹನಗಳಿಗೆ ಮುಚ್ಚಿದಾಗ, ಇಡೀ ಪ್ರದೇಶದ ಸಂಚಾರ ಒಂದೇ ಸೇತುವೆಯನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿತ್ತು ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

ಸೈಕಲ್ ಎಂಬುದು ಬಿಡುವಿನ ವೇಳೆಯ ವಿನೋದಕ್ಕೆ ಮಾತ್ರ ಸೀಮಿತವಾದ ಸಾಧನವೆಂಬ ಭಾವನೆ ನಗರಗಳಲ್ಲಿ ಬೆಳೆಯುತ್ತಿದೆ. ವಾಸ್ತವ ಹಾಗಿಲ್ಲ. ನಿಲ್ದಾಣದಿಂದ ಕಚೇರಿಗೆ ಊಟದ ಡಬ್ಬಿಗಳನ್ನು ತಲುಪಿಸುವವರು, ಹಾಲು, ಪಾವು ಮತ್ತು ವೃತ್ತಪತ್ರಿಕೆಗಳನ್ನು ಮನೆಮನೆಗೆ ಒಯ್ಯುವವರು, ಸಣ್ಣ ಕಾರ್ಖಾನೆಗಳ ಕೆಲಸಗಾರರು, ಕಾವಲುಗಾರರು ಇವರೆಲ್ಲರ ದುಡಿಮೆಗೆ ಸೈಕಲ್ ಆಧಾರವಾಗಿದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ರಸ್ತೆಯ ಜಾಗದಲ್ಲಿ ನ್ಯಾಯವಾದ ಪಾಲು ದೊರೆಯಬೇಕೆಂದು ಹೇಳಿರುವುದು ಇದೇ ಕಾರಣದಿಂದ.

ನೀರು ತಂದ ದಾರಿ

ಕಿಕ್ಕಿರಿದ ನಗರದಲ್ಲಿ ವಾಹನಗಳಿಲ್ಲದ ಹಾದಿಗೆ ಜಾಗವೆಲ್ಲಿಂದ ಬರಬೇಕು? ಮುಂಬಯಿಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆತದ್ದು ಅದರ ನೀರು ಸರಬರಾಜು ವ್ಯವಸ್ಥೆಯಲ್ಲಿ. ಏಳು ಸರೋವರಗಳಿಂದ ನಗರಕ್ಕೆ ನೀರು ಬರುತ್ತದೆ. ಅವುಗಳಲ್ಲಿ 1892ರಲ್ಲಿ ಪೂರ್ಣಗೊಂಡ ತಾನ್ಸಾ ಜಲಾಶಯ ಹಳೆಯದು ಹಾಗೂ ಮುಖ್ಯವಾದುದು. ಈ ನೀರನ್ನು ತರುವ ಬೃಹತ್ ಕೊಳವೆಗಳು ಅನೇಕ ಕಡೆ ನೆಲದ ಮೇಲೆಯೇ, ಉಪನಗರಗಳ ನಡುವೆ ಉದ್ದಕ್ಕೂ ಹಾದು ಬರುತ್ತವೆ. ರಸ್ತೆಗಳು ತುಂಡಾಗುವಲ್ಲಿಯೂ ಕೊಳವೆ ತುಂಡಾಗಲಾರದು. ನಿರಂತರತೆಯೇ ಅದರ ಸ್ವಭಾವ.

ಕೊಳವೆಗಳ ಸುರಕ್ಷತೆಯ ದೃಷ್ಟಿಯಿಂದ ಅವುಗಳ ಇಕ್ಕೆಲಗಳಲ್ಲಿ 10 ಮೀಟರು ಜಾಗವನ್ನು ತೆರವುಗೊಳಿಸಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯ ಆದೇಶಿಸಿತು. ತೆರವಾದ ಜಾಗ ಮತ್ತೆ ಒತ್ತುವರಿಯಾಗದಂತೆ ನೋಡಿಕೊಳ್ಳುವುದು ಹೇಗೆಂಬ ಚಿಂತನೆಯಿಂದ ಬೃಹನ್ಮುಂಬಯಿ ಮಹಾನಗರಪಾಲಿಕೆಯ ಸೈಕಲ್ ಹಾದಿಯ ಯೋಜನೆ ರೂಪುಗೊಂಡಿತು. ತಾನ್ಸಾ ಕೊಳವೆಯ ಜಾಡಿನಲ್ಲಿ ಮುಲುಂಡಿನಿಂದ ಸಯನ್‌ವರೆಗೆ ಒಂದು ಹಾಗೂ ಘಾಟ್‌ಕೋಪರದಿಂದ ಸಹಾರ್‌ವರೆಗೆ ಇನ್ನೊಂದು, ಹೀಗೆ ಒಟ್ಟು ಸುಮಾರು 39 ಕಿಲೋಮೀಟರು ಉದ್ದದ ಹಾದಿಯನ್ನು ನಿರ್ಮಿಸುವುದು ಅದರ ಉದ್ದೇಶ. ಹಾದಿಯ ಬದಿಯಲ್ಲಿ ನಡೆಯುವವರಿಗೂ ಅವಕಾಶ ಕಲ್ಪಿಸಿ, ದಾರಿಯುದ್ದಕ್ಕೂ ರೈಲು ನಿಲ್ದಾಣಗಳಿಗೆ ಸಂಪರ್ಕ ಒದಗಿಸುವ ಆಶಯ ಅದರಲ್ಲಿದೆ. ಯೋಜನೆ ಸಿದ್ಧವಾದಷ್ಟು ಶೀಘ್ರವಾಗಿ ಕೆಲಸ ಮುಗಿಯಲಿಲ್ಲ. ತೆರವು, ಪುನರ್ವಸತಿ ಮತ್ತು ಅಡ್ಡರಸ್ತೆಗಳನ್ನು ದಾಟಿಸುವ ವ್ಯವಸ್ಥೆ ಇವು ಪ್ರಗತಿಯನ್ನು ನಿಧಾನಗೊಳಿಸಿದವು.

ನೀರಿನ ಜಾಡು ಜನರ ಜಾಡಾದ ನಿದರ್ಶನ ಹೊರದೇಶದಲ್ಲಿಯೂ ಇದೆ. ನ್ಯೂಯಾರ್ಕ್ ನಗರಕ್ಕೆ 1842ರಿಂದ ನೀರು ತರುತ್ತಿದ್ದ ಹಳೆಯ ಕ್ರೋಟನ್ ಕಾಲುವೆಯ ಮೇಲಣ ನೆಲ 1968ರಲ್ಲಿ ಸಾರ್ವಜನಿಕ ಉದ್ಯಾನವಾಯಿತು. ಸುಮಾರು 42 ಕಿಲೋಮೀಟರು ಉದ್ದದ ಆ ಹಾದಿಯಲ್ಲಿ ಜನರು ಇಂದು ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವೆ ಬಳಕೆ ತಪ್ಪಿದ ರೈಲು ಮಾರ್ಗವೊಂದನ್ನು 1979 ಹಾಗೂ 1986ರ ನಡುವೆ ಇದೇ ರೀತಿಯಲ್ಲಿ ಸೈಕಲ್ ಹಾದಿಯನ್ನಾಗಿ ಪರಿವರ್ತಿಸಲಾಯಿತು.

ತೆರವಿನ ಬೆಲೆ

ಆದರೆ ಮುಂಬಯಿಯ ಕೊಳವೆಯ ಅಂಚು ಬರಿದಾದ ನೆಲವಾಗಿರಲಿಲ್ಲ. ಅಲ್ಲಿ ಸಾವಿರಾರು ಕುಟುಂಬಗಳು ಗುಡಿಸಲು ಕಟ್ಟಿಕೊಂಡು ದಶಕಗಳಿಂದ ವಾಸವಾಗಿದ್ದವು. ತೆರವಾದ ಅನೇಕ ಕುಟುಂಬಗಳಿಗೆ ಚೆಂಬೂರಿನ ಆಚೆಯ ಮಾಹುಲ್‌ನಲ್ಲಿ ಬದಲಿ ಮನೆಗಳನ್ನು ನೀಡಲಾಯಿತು. ತೈಲ ಶುದ್ಧೀಕರಣ ಕಾರ್ಖಾನೆಗಳ ನೆರೆಯಲ್ಲಿರುವ ಆ ಪ್ರದೇಶದ ವಾಯುಮಾಲಿನ್ಯವು ನಿವಾಸಿಗಳ ಆರೋಗ್ಯಕ್ಕೆ ಅಪಾಯಕಾರಿಯೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿಯೇ ಅಭಿಪ್ರಾಯಪಟ್ಟಿತ್ತು. ಜನರ ಅಹವಾಲನ್ನು ಆಲಿಸಿದ ಮುಂಬಯಿ ಉಚ್ಚ ನ್ಯಾಯಾಲಯವು 2019ರಲ್ಲಿ, ಯಾರನ್ನೂ ಬಲವಂತವಾಗಿ ಮಾಹುಲ್‌ಗೆ ಕಳುಹಿಸಕೂಡದೆಂದೂ, ಅಲ್ಲಿ ವಾಸಿಸಲೊಪ್ಪದ ಕುಟುಂಬಗಳಿಗೆ ಬಾಡಿಗೆಗಾಗಿ ತಿಂಗಳಿಗೆ 15,000 ರೂಪಾಯಿ ನೀಡಬೇಕೆಂದೂ ನಿರ್ದೇಶಿಸಿತು.

ಈ ಸಂಗತಿಯನ್ನು ಮರೆತು ಸೈಕಲ್ ಹಾದಿಯ ವಿಚಾರ ಮಾಡುವುದು ಸರಿಯಾಗದು. ಒಂದು ಹಾದಿಗೆ ನೆಲ ಬಿಟ್ಟುಕೊಟ್ಟವರು ಬಡವರಾಗಿದ್ದಲ್ಲಿ, ಆ ಹಾದಿ ಮುಂಜಾನೆಯ ವ್ಯಾಯಾಮಕ್ಕೆ ಮಾತ್ರ ಮೀಸಲಾಗಿ ಉಳಿಯಬಾರದು. ಕೆಲಸಕ್ಕೆ ಹೋಗುವವರಿಗೂ ಶಾಲೆಗೆ ಹೋಗುವ ಮಕ್ಕಳಿಗೂ ದಿನವಿಡೀ ನೆರವಾದಾಗಲೇ ಅದು ಸಾರ್ವಜನಿಕ ಆಸ್ತಿ ಎನಿಸಿಕೊಳ್ಳುತ್ತದೆ.

ಎರಡು ಪಾಠಗಳು

ಸಯನ್ನಿಗೆ ಹತ್ತಿರದ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ 2011ರಲ್ಲಿ ರಸ್ತೆಯಂಚಿನ ಸೈಕಲ್ ಪಥವೊಂದನ್ನು ನಿರ್ಮಿಸಲಾಗಿತ್ತು. ಅದು ನೆರೆಯ ನಿಲ್ದಾಣಗಳೊಡನೆ ಸುರಕ್ಷಿತವಾಗಿ ಜೋಡಣೆಯಾಗಲಿಲ್ಲ. ಹಲವೆಡೆ ವಾಹನಗಳು ಅದರ ಮೇಲೆಯೇ ನಿಲ್ಲತೊಡಗಿದವು. ಬಳಸುವವರು ಕಡಿಮೆಯಾದರು, ಕೊನೆಗೆ 2025ರಲ್ಲಿ ಅದನ್ನು ತೆಗೆದು ರಸ್ತೆಯನ್ನು ಅಗಲಗೊಳಿಸುವ ತೀರ್ಮಾನವಾಯಿತು. ಸೈಕಲ್ ಪಥವನ್ನು ಜನ ಬಳಸುವುದಿಲ್ಲವೆಂಬ ವಾದಕ್ಕೆ ಈ ನಿದರ್ಶನವನ್ನು ಕೊಡುವುದುಂಟು. ಆದರೆ ಮನೆಯ ಬಳಿಯಿಂದ ಆರಂಭವಾಗದೆ, ತಲುಪಬೇಕಾದ ಸ್ಥಳದಲ್ಲಿ ಕೊನೆಗೊಳ್ಳದೆ, ನಡುವೆ ತಡೆಗಳಿಂದ ಕೂಡಿದ ಯಾವ ದಾರಿಯನ್ನೂ ಯಾರೂ ಬಳಸಲಾರರು.

ಎರಡನೆಯ ಪಾಠ ಪೊವಾಯಿ ಸರೋವರದ್ದು. ಅದರ ಅಂಚಿನಲ್ಲಿ ಪಾಲಿಕೆ ಕೈಗೊಂಡಿದ್ದ ಸೈಕಲ್ ಪಥದ ಕಾಮಗಾರಿಯು ಜೌಗುಭೂಮಿ ಸಂರಕ್ಷಣೆಯ ನಿಯಮಗಳಿಗೆ ವಿರುದ್ಧವೆಂದು 2022ರ ಮೇ ತಿಂಗಳಲ್ಲಿ ಉಚ್ಚ ನ್ಯಾಯಾಲಯ ತೀರ್ಪು ನೀಡಿ, ಹಾಕಿದ ಮಣ್ಣುಕಲ್ಲುಗಳನ್ನು ತೆಗೆದು ನೆಲವನ್ನು ಮೊದಲಿನ ಸ್ಥಿತಿಗೆ ತರಲು ಆದೇಶಿಸಿತು. ಪರಿಸರಕ್ಕೆ ಹಿತವಾದ ವಾಹನಕ್ಕೆ ಪರಿಸರವನ್ನೇ ಕೆಡಿಸಿ ದಾರಿ ಮಾಡಲಾಗದು. ಖಾರಿ, ಕಾಂಡ್ಲಾ ವನ ಹಾಗೂ ಉಪ್ಪಿನ ಗದ್ದೆಗಳ ನಡುವಿರುವ ಸಯನ್ ಪರಿಸರಕ್ಕೆ ಈ ಎಚ್ಚರಿಕೆ ವಿಶೇಷವಾಗಿ ಅನ್ವಯಿಸುತ್ತದೆ. ಕಸದ ರಾಶಿಯಿದ್ದ ನೆಲದಲ್ಲಿ ಮರ ಬೆಳೆಸಿ 1994ರಲ್ಲಿ ಸಾರ್ವಜನಿಕರಿಗೆ ತೆರೆಯಲಾದ ಸಮೀಪದ ಮಹಾರಾಷ್ಟ್ರ ನಿಸರ್ಗ ಉದ್ಯಾನವು, ಹಾಳಾದ ಜಾಗವನ್ನು ಸರಿಪಡಿಸಿ ಬಳಸುವ ಮೇಲಾದ ಮಾರ್ಗವನ್ನು ತೋರಿಸಿಕೊಟ್ಟಿದೆ.

ಒಳ್ಳೆಯ ಹಾದಿಯ ಲಕ್ಷಣಗಳು

ಸೈಕಲ್ ಪಥಗಳ ರಚನೆಯ ಬಗ್ಗೆ ಭಾರತೀಯ ರಸ್ತೆ ಕಾಂಗ್ರೆಸ್ 1962ರಲ್ಲಿಯೇ ಮಾರ್ಗಸೂಚಿಯನ್ನು ಪ್ರಕಟಿಸಿದ್ದು, ಅದನ್ನು ಅನಂತರ ಪರಿಷ್ಕರಿಸಲಾಗಿದೆ. ಎರಡು ಸೈಕಲ್ಲುಗಳು ಅಕ್ಕಪಕ್ಕದಲ್ಲಿ ಸಾಗಲು ಕನಿಷ್ಠ 2 ಮೀಟರು ಅಗಲ ಬೇಕು. ಎದುರುಬದುರು ಸಂಚಾರವಿದ್ದು, ಜನರೂ ನಡೆಯುವಲ್ಲಿ ಇನ್ನೂ ಹೆಚ್ಚಿನ ಅಗಲ ಅವಶ್ಯ. ಹಾದಿಯು ದೊಡ್ಡ ರಸ್ತೆಯನ್ನು ಸಂಧಿಸುವ ಸ್ಥಳವೇ ಹೆಚ್ಚು ಅಪಾಯದ ಸ್ಥಳವಾದ್ದರಿಂದ, ಅಲ್ಲಿ ಸಂಕೇತದೀಪ ಅಥವಾ ಮೇಲು–ಕೆಳ ದಾಟುದಾರಿಯ ವ್ಯವಸ್ಥೆ ಇರತಕ್ಕದ್ದು. ಮೋಟಾರು ಬೈಕುಗಳು ನುಗ್ಗದಂತೆ ಕಂಬಗಳನ್ನು ನೆಡುವುದು ವಾಡಿಕೆ. ಆದರೆ ಅಂಗವಿಕಲರ ಗಾಲಿಕುರ್ಚಿಗೆ ಅವು ಅಡ್ಡಿಯಾಗದಷ್ಟು ಅಂತರವಿರಬೇಕು. ಕತ್ತಲಾದ ಮೇಲೂ ಮಹಿಳೆಯರು ನಿರ್ಭಯವಾಗಿ ಸಂಚರಿಸಲು ದೀಪಗಳು ಹಾಗೂ ಹೊರಬರಲು ಅಲ್ಲಲ್ಲಿ ದ್ವಾರಗಳು ಬೇಕು. ನಿಲ್ದಾಣಗಳ ಬಳಿ ಸೈಕಲ್ ನಿಲ್ಲಿಸಲು ಭದ್ರವಾದ ಸ್ಥಳವಿಲ್ಲದಿದ್ದಲ್ಲಿ ಉಳಿದೆಲ್ಲ ವೆಚ್ಚವೂ ವ್ಯರ್ಥವಾಗುತ್ತದೆ.

ಮುಂಬಯಿಯ ಮಳೆಗಾಲವನ್ನು ಪ್ರತ್ಯೇಕವಾಗಿ ಗಮನಿಸಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಮಳೆ ಸುರಿದು ಮಿಠಿ ನದಿ ಉಕ್ಕಿ ಹರಿದುದನ್ನು ನಗರ ಮರೆತಿಲ್ಲ. ಸಯನ್ ಹಾಗೂ ಕಿಂಗ್ಸ್ ಸರ್ಕಲ್ಲಿನ ತಗ್ಗು ಪ್ರದೇಶಗಳಲ್ಲಿ ಭಾರಿ ಮಳೆಯಾದಾಗಲೆಲ್ಲ ನೀರು ನಿಲ್ಲುತ್ತದೆ. ಹಾದಿಯ ಮೇಲ್ಮೈ ಜಾರದಂತಿರಬೇಕು. ನೀರು ಬೇಗ ಹರಿದುಹೋಗಬೇಕು. ಚರಂಡಿಯ ಜಾಲರಿಯ ಸಂದುಗಳು ಸೈಕಲ್ಲಿನ ಗಾಲಿ ಸಿಕ್ಕಿಕೊಳ್ಳದಂತೆ ಅಡ್ಡಲಾಗಿರಬೇಕು. ಕೊಳವೆಯ ದುರಸ್ತಿಗೆ ಬರುವ ಸಿಬ್ಬಂದಿಗೂ ಯಂತ್ರಗಳಿಗೂ ಹಾದಿ ಎಂದಿಗೂ ತಡೆಯಾಗಬಾರದು. ಏಕೆಂದರೆ ಆ ನೆಲದ ಮೊದಲ ಹಕ್ಕು ಕುಡಿಯುವ ನೀರಿನದು.

ನಾಗರಿಕರ ಪಾತ್ರ

ಹಾದಿಯನ್ನು ಸರ್ಕಾರ ಅಥವಾ ಪಾಲಿಕೆ ಕಟ್ಟಬಹುದು. ಉಳಿಸಿಕೊಳ್ಳುವುದು ಬಳಸುವವರ ಕೈಯಲ್ಲಿದೆ. ಸೈಕಲ್ಲಿನ ಗಂಟೆ, ತಡೆ ಮತ್ತು ದೀಪಗಳು ಸುಸ್ಥಿತಿಯಲ್ಲಿರುವುದು, ಎಡಬದಿಯಲ್ಲಿ ಸಾಗುವುದು, ನಡೆಯುವವರಿಗೆ ಮೊದಲು ದಾರಿ ಕೊಡುವುದು, ಹಾದಿಯ ಮೇಲೆ ಕಸ ಅಥವಾ ಸಾಮಾನು ಇರಿಸದಿರುವುದು ಇವು ಸಣ್ಣ ಕರ್ತವ್ಯಗಳಾದರೂ ಹಾದಿಯ ಆಯುಷ್ಯ ಇವುಗಳನ್ನೇ ಅವಲಂಬಿಸಿದೆ. ಕರ್ನಾಟಕದ ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿನ್ ಟ್ರಿನ್’ ಸಾರ್ವಜನಿಕ ಸೈಕಲ್ ಸೇವೆಯು, ಅನುಕೂಲ ಒದಗಿಸಿದಲ್ಲಿ ಜನರು ಸೈಕಲ್ಲಿನತ್ತ ಮರಳುವರೆಂಬುದನ್ನು ತೋರಿಸಿತು. ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ 1974ರಿಂದ ಭಾನುವಾರಗಳಂದು ಪ್ರಮುಖ ರಸ್ತೆಗಳನ್ನೇ ವಾಹನಗಳಿಗೆ ಮುಚ್ಚಿ ಜನರಿಗೆ ತೆರೆಯುವ ಪದ್ಧತಿಯಿದೆ. ಶಾಶ್ವತ ಹಾದಿ ಸಿದ್ಧವಾಗುವವರೆಗೆ ಇಂತಹ ಕ್ರಮಗಳನ್ನು ಯಾವ ನಗರವೂ ಅಲ್ಪವೆಚ್ಚದಲ್ಲಿ ಅನುಸರಿಸಬಹುದು.

ಹಾದಿಯ ಯಶಸ್ಸನ್ನು ಕಿಲೋಮೀಟರುಗಳ ಸಂಖ್ಯೆಯಿಂದ ಅಳೆಯುವುದು ಸುಲಭ. ಆದರೆ ಮುಲುಂಡಿನಲ್ಲಿ ಹತ್ತಿದ ಕೆಲಸಗಾರನೊಬ್ಬ ಒಮ್ಮೆಯೂ ಹೆದ್ದಾರಿಗೆ ಇಳಿಯದೆ ಸಯನ್ ತಲುಪುವಂತಾದಾಗ, ಅವನಿಗಾಗಿ ಜಾಗ ಬಿಟ್ಟ ಕುಟುಂಬಕ್ಕೂ ಯೋಗ್ಯವಾದ ಮನೆ ದೊರೆತಾಗ ಆ ಸಂಖ್ಯೆಗೆ ಅರ್ಥ ಬರುತ್ತದೆ. ನೂರಕ್ಕೂ ಹೆಚ್ಚು ವರ್ಷಗಳಿಂದ ನಗರದ ದಾಹವನ್ನು ತಣಿಸಿದ ಕೊಳವೆಯ ಜಾಡಿನಿಂದ ಇಂತಹ ಇನ್ನೊಂದು ಉಪಕಾರವನ್ನು ನಿರೀಕ್ಷಿಸುವುದು ಅಸಂಗತವೇನೂ ಅಲ್ಲ.